ಕಡಿದ ಕಾಯಿ ಮತ್ತೆ ಮನೆಯಿಂದ

“ನಾಕ್ ಆದೆ ಮಗಾ, ನಾಕ್ ಆದೆ! ಮನೆ ಹಿಂದೆ ಇದೀನಿ, ಬಂದು ಎತ್ತೋ!”

ಅನುಗೊಂಡನಹಳ್ಳಿಯ ಅರಳಿಕಟ್ಟೆಯಲ್ಲಿ ಭಾನುವಾರದ ಸಂಜೆ ಹೀಗೊಂದು ಕೂಗು ಎದ್ದರೆ ಯಾರೂ ಬೆಚ್ಚುವುದಿಲ್ಲ. ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟವರು ತಿರುಗಿಯೂ ನೋಡುವುದಿಲ್ಲ. ಕೂಗಿದ ಹುಡುಗ ಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕ್ಷೇಮವಾಗಿ ಕೂತಿದ್ದಾನೆ. ನೆಲಕ್ಕೆ ಬಿದ್ದು ತೆವಳುತ್ತಿರುವುದು ಅವನ ಅಂಗೈಯೊಳಗಿನ ಪುಟ್ಟ ಸೈನಿಕ. ಎತ್ತಬೇಕಾದ ಗೆಳೆಯ ಎರಡಡಿ ಆಚೆ, ಅದೇ ಕಟ್ಟೆಯ ಮೇಲೆ, ಬೆನ್ನು ತಿರುಗಿಸಿ ಕೂತಿದ್ದಾನೆ. “ಬಂದೆ, ಬಂದೆ, ತಡ್ಕೋ” ಅನ್ನುತ್ತಾನೆ. ಎರಡಡಿ ದೂರಕ್ಕೆ ಬರಲು ಅವನು ಒಂದು ಬೆಟ್ಟ ಇಳಿಯಬೇಕು, ಒಂದು ರಸ್ತೆ ದಾಟಬೇಕು.

ಕಾರ್ತಿಕ ಮಾಸ. ಹೊಲಗಳಲ್ಲಿ ರಾಗಿ ತೆನೆ ತಲೆಬಾಗಿದೆ. ಹೊಸಕೋಟೆ ತಾಲ್ಲೂಕಿನ ಈ ಹೋಬಳಿಯಲ್ಲಿ ಒಂದು ದಿಕ್ಕಿಗೆ ತಿರುಗಿದರೆ ಟೊಮೆಟೊ ತೋಟ, ನೀಲಗಿರಿ ತೋಪು. ಇನ್ನೊಂದು ದಿಕ್ಕಿಗೆ ತಿರುಗಿದರೆ ಆಕಾಶದ ಅಂಚಿನಲ್ಲಿ ವೈಟ್‌ಫೀಲ್ಡಿನ ಬೆಳಕು. ದೇವನಗೊಂದಿಯ ತೈಲ ಡಿಪೊಗಳ ಟ್ಯಾಂಕರುಗಳು ಹೋಬಳಿಯ ರಸ್ತೆಗಳಲ್ಲಿ ಹಗಲಿರುಳೂ ಓಡುತ್ತವೆ. 2023ರಲ್ಲಿ ನೇರಳೆ ಮೆಟ್ರೊ ಕಾಡುಗೋಡಿಯವರೆಗೆ ಬಂದಮೇಲೆ ಊರಿನ ಹುಡುಗರಿಗೆ ಬೆಂಗಳೂರು ಇನ್ನಷ್ಟು ಹತ್ತಿರವಾಯಿತು. ವಾರವೆಲ್ಲ ಅಲ್ಲಿ ದುಡಿದು ಬಂದವರು, ಕಾಲೇಜಿನವರು, ಇನ್ನೂ ಹೈಸ್ಕೂಲಿನ ಚಡ್ಡಿ ಬಿಡದವರು, ಎಲ್ಲರೂ ಭಾನುವಾರ ಸಂಜೆ ಈ ಕಟ್ಟೆಗೆ ಬಂದು ಕೂರುತ್ತಾರೆ.

ಈ ಹೊತ್ತು ಇಲ್ಲಿ ಫೋನು ಹಿಡಿದವರು ಐದು ಜನ. ಇಬ್ಬರ ಪರದೆಯಲ್ಲಿ ಬಂದೂಕು, ಒಬ್ಬನದರಲ್ಲಿ ಬಸ್ಸು, ಒಬ್ಬನದರಲ್ಲಿ ಕ್ರಿಕೆಟ್ಟು. ಅಕ್ಕನ ಫೋನು ಕೇಳಿ ತಂದ ಪೋರನೊಬ್ಬ ಬಣ್ಣದ ಮಿಠಾಯಿಗಳನ್ನು ಸಾಲುಗೂಡಿಸುತ್ತಿದ್ದಾನೆ. ಕಟ್ಟೆಯ ಆ ತುದಿಯಲ್ಲಿ ಇಬ್ಬರು ಹಿರಿಯರು ಇದ್ದಿಲಿನಲ್ಲಿ ಗೆರೆ ಎಳೆದುಕೊಂಡು ಚೌಕಾಬಾರಕ್ಕೆ ಕೂತಿದ್ದಾರೆ. ಅವರ ಕವಡೆಯ ಸದ್ದೂ ಫೋನುಗಳ ಗುಂಡಿನ ಸದ್ದೂ ಒಂದರೊಳಗೊಂದು ಬೆರೆಯುತ್ತಿವೆ.

ನಾನು ಮೂವತ್ತು ವರ್ಷದಿಂದ ವಿಡಿಯೊ ಗೇಮ್ ಆಡುತ್ತಾ ಬಂದವನು. ಹೊಸ ಆಟ ಬಂದರೆ ಹುಡುಗರು ನನ್ನನ್ನೇ ಕೇಳುತ್ತಾರೆ. “ಅಣ್ಣಾ, ಎಷ್ಟು ಜಿಬಿ? ಗ್ರಾಫಿಕ್ಸ್ ಹೆಂಗಿದೆ? ಲ್ಯಾಗ್ ಆಗುತ್ತಾ?” ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ನಾನು ಆಟವನ್ನು ಅಳೆಯುವ ಕೋಲು ಬೇರೆ. ಸೋತವನ ಜೊತೆ ಈ ಆಟ ಹೇಗೆ ನಡೆದುಕೊಳ್ಳುತ್ತದೆ? ಗೆದ್ದವನಿಗೆ ಎಲ್ಲ ಆಟವೂ ಚೆಂದವೇ. ಸೋತವನನ್ನು ಕೇಳಬೇಕು. ಯಾಕೆ ಸೋತೆ ಎಂದು ಅವನಿಗೆ ತಿಳಿಯಿತೇ? ಮತ್ತೆ ಆಡುವ ಮನಸ್ಸು ಬಂತೇ? ಎದ್ದು ಹೋಗುವಾಗ ಅವನ ಕೈಯಲ್ಲಿ ಏನು ಉಳಿಯಿತು?

* * *

ನನ್ನ ಮೊದಲ ಸೋಲು ಹೊಸಕೋಟೆಯ ಒಂದು ಸಂದಿಯಲ್ಲಿ. ತೊಂಬತ್ತರ ದಶಕ. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಆಡುವ ಅಂಗಡಿ, ಒಂದೇ ಕೋಣೆ, ಮೂರು ಟೀವಿ. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರದ ನಕಲುಗಳು ಆಗ ಸಣ್ಣ ಊರುಗಳಿಗೂ ಬಂದಿದ್ದವು. ಕಾರ್ಟ್ರಿಡ್ಜ್ ಎಂಬ ಪದ ನಮಗೆ ಗೊತ್ತಿರಲಿಲ್ಲ, ಅದನ್ನು ಕ್ಯಾಸೆಟ್ ಎನ್ನುತ್ತಿದ್ದೆವು. ಚಿತ್ರ ಬರದಿದ್ದರೆ ಕ್ಯಾಸೆಟ್ ಕಿತ್ತು, ಅದರ ಬಾಯಿಗೆ ಉಫ್ ಎಂದು ಊದಿ, ಮತ್ತೆ ಒತ್ತಿದರೆ ಬರುತ್ತಿತ್ತು. ಹಾಗೆಂದು ನಂಬಿದ್ದೆವು.

1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಮೊದಲ ಹತ್ತು ಸೆಕೆಂಡು ನನಗೆ ಇವತ್ತಿಗೂ ಪಾಠವೇ. ಮಾರಿಯೊ ಪರದೆಯ ಎಡಕ್ಕೆ ನಿಂತಿದ್ದಾನೆ. ಬಲಕ್ಕೆ ಬಯಲು. ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ, ಓದಲು ಒಂದು ಸೂಚನೆಯೂ ಇಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಎದುರಿನಿಂದ ಅಣಬೆಯಂಥ ಕಂದು ಪ್ರಾಣಿಯೊಂದು ತಟಪಟ ನಡೆದು ಬರುತ್ತದೆ. ಸುಮ್ಮನೆ ನಿಂತರೆ ಅದು ತಾಗಿ ಮಾರಿಯೊ ಸಾಯುತ್ತಾನೆ. ಎರಡನೇ ಸಲ ಗಾಬರಿಯಿಂದ ಹಾರುತ್ತೀರಿ. ಹಾರಿದಾಗ ಅದರ ತಲೆ ಮೇಲೆ ಇಳಿದರೆ ಅದು ಅಪ್ಪಚ್ಚಿ. ಇಲ್ಲವೇ ತಲೆ ಮೇಲಿನ ಪ್ರಶ್ನೆಗುರುತಿನ ಚೌಕಕ್ಕೆ ಗುದ್ದಿದರೆ ನಾಣ್ಯ ಠಣ್ ಎಂದು ಚಿಮ್ಮುತ್ತದೆ. ಒಂದು ಸಾವಿಗೆ ಮೂರು ವಿದ್ಯೆ ಬಂತು. ಈ ಆಟದ ಶಿಲ್ಪಿ ಶಿಗೆರು ಮಿಯಾಮೊಟೊ ಮೊದಲ ಹಂತವನ್ನು ಪಾಠಶಾಲೆಯ ಹಾಗೆ ಕಟ್ಟಿದ್ದಾರೆ. ಇಂಗ್ಲಿಷ್ ಬಾರದ ನನ್ನಂಥ ಹಳ್ಳಿಯ ಹುಡುಗನಿಗೂ ಆ ಪಾಠ ಹತ್ತಿತು. ಹಾರುವ ಆಟಗಳ ಬಗ್ಗೆ ನನ್ನ ಗೌರವ ಅಲ್ಲಿಂದ ಶುರುವಾದದ್ದು. ಅವು ಕೊಲ್ಲುತ್ತವೆ, ಆದರೆ ಕಾರಣ ಹೇಳಿ ಕೊಲ್ಲುತ್ತವೆ.

ಅದೇ ಅಂಗಡಿಯಲ್ಲಿ ‘ಕಾಂಟ್ರಾ’. ಕೊನಾಮಿ ಕಂಪನಿಯ 1987ರ ಆಟ. ಇರುವುದು ಮೂರೇ ಜೀವ, ಗುಂಡು ತಾಗಿದರೆ ಒಂದು ಹೋಯಿತು. ಮೂವತ್ತು ಜೀವ ಬೇಕೆಂದರೆ ಮಂತ್ರ ಗೊತ್ತಿರಬೇಕು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಮಗ್ಗಿ ತಪ್ಪಿದರೂ ಆ ಮಂತ್ರ ತಪ್ಪದ ಹುಡುಗರಿದ್ದರು. ಆದರೆ ಕಾಂಟ್ರಾದ ನಿಜವಾದ ಪರೀಕ್ಷೆ ಜಲಪಾತದ ಹಂತದಲ್ಲಿ. ಇಬ್ಬರೂ ಬಂಡೆಯಿಂದ ಬಂಡೆಗೆ ಹಾರುತ್ತಾ ಮೇಲೇರಬೇಕು. ಮುಂದಿನವನು ಅವಸರ ಮಾಡಿ ಏರಿದರೆ ಪರದೆ ಅವನ ಜೊತೆ ಮೇಲಕ್ಕೆ ಸರಿಯುತ್ತದೆ. ಹಿಂದಿನವನು ಪರದೆಯ ತಳಕ್ಕೆ ಜಾರಿ ಸಾಯುತ್ತಾನೆ. ಶತ್ರುವಿನ ಗುಂಡೇ ಬೇಕಿಲ್ಲ, ಗೆಳೆಯನ ಅವಸರ ಸಾಕು. “ನಿಂತ್ಕೊಳೋ, ನಾನು ಬರ್ತೀನಿ” ಎಂದು ಆ ಕೋಣೆಯಲ್ಲಿ ಎಷ್ಟು ಸಲ ಕೂಗಿದ್ದೇನೋ! ಜೊತೆಗಾರನಿಗೆ ಕಾಯುವುದನ್ನು ಯಾವ ಮೇಷ್ಟ್ರೂ ಅಷ್ಟು ಚೆನ್ನಾಗಿ ಕಲಿಸಲಿಲ್ಲ.

* * *

ಆಮೇಲೆ ಮನೆಗೆ ನೋಕಿಯಾ 1100 ಬಂತು. 2003ರಲ್ಲಿ ಬಿಡುಗಡೆಯಾದ ಈ ಫೋನು ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮ ಕಡೆ ಅದು ಫೋನಿಗಿಂತ ಹೆಚ್ಚಾಗಿ ಟಾರ್ಚು. ತ್ರೀಫೇಸ್ ಕರೆಂಟು ರಾತ್ರಿ ಹೊತ್ತಲ್ಲದ ಹೊತ್ತಿಗೆ ಬರುತ್ತಿತ್ತು. ಅಪ್ಪ ಮೋಟರು ಹಾಕಲು ಹೊರಟರೆ ನಾನೂ ಹಿಂದೆ. ನೀರು ಸಾಲಿಂದ ಸಾಲಿಗೆ ಹರಿಯುವವರೆಗೆ ಬದುವಿನ ಮೇಲೆ ಕೂತು ಹಾವಿನ ಆಟ. ನಿಜವಾದ ಹಾವಿನ ಭಯಕ್ಕೆ ಕಾಲನ್ನು ಎದೆಗೆ ಮಡಚಿಕೊಂಡು, ಅಂಗೈಯಲ್ಲಿ ಚುಕ್ಕಿಯ ಹಾವನ್ನು ಆಡಿಸುತ್ತಿದ್ದೆ. ಗುಬುಗುಬು ನೀರಿನ ಸದ್ದು, ಕಪ್ಪೆಯ ಸದ್ದು, ಪಿಕ್ ಪಿಕ್ ಎನ್ನುವ ಗುಂಡಿಯ ಸದ್ದು. ಅಪ್ಪ ಆಚೆ ಸಾಲಿನಿಂದ “ಲೈಟ್ ಬಿಡಲಾ ಈ ಕಡೆ” ಎಂದಾಗ ಆಟ ಅಲ್ಲಿಗೆ ನಿಲ್ಲುತ್ತಿತ್ತು.

ಹಾವಿನ ಆಟದಲ್ಲಿ ಶತ್ರುವೇ ಇಲ್ಲ. ತಿಂದಷ್ಟೂ ಬೆಳೆಯುತ್ತದೆ, ಬೆಳೆದಷ್ಟೂ ಜಾಗ ಕಡಿಮೆಯಾಗುತ್ತದೆ, ಕೊನೆಗೆ ತನ್ನ ಬಾಲವನ್ನೇ ಕಚ್ಚಿ ಸಾಯುತ್ತದೆ. ಬೈಯಲು ಯಾರೂ ಇಲ್ಲ. ‘ಟೆಟ್ರಿಸ್’ ಕೂಡ ಇದೇ ಜಾತಿ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೊವ್ ಬರೆದ ಆಟ. ನಾಲ್ಕು ನಾಲ್ಕು ಚೌಕದ ಏಳು ಬಗೆಯ ತುಂಡುಗಳು ಮೇಲಿಂದ ಬೀಳುತ್ತವೆ, ಸಂದಿಲ್ಲದೆ ಜೋಡಿಸಬೇಕು. ಸರಿಯಾಗಿ ಇಟ್ಟ ಸಾಲು ಮಾಯವಾಗುತ್ತದೆ, ತಪ್ಪಿಟ್ಟದ್ದು ಮಾತ್ರ ಕಣ್ಣೆದುರು ಉಳಿದು ಪೇರಿಕೊಳ್ಳುತ್ತದೆ. ಗೆಲುವೇ ಇಲ್ಲದ ಆಟ ಇದು ಎಂದು ಎಲ್ಲರೂ ನಂಬಿದ್ದೆವು. ಆದರೆ 1989ರ ನಿಂಟೆಂಡೊ ಟೆಟ್ರಿಸನ್ನು 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಯಂತ್ರವೇ ಸ್ತಬ್ಧವಾಗುವವರೆಗೆ ಆಡಿದ. ಆ ಮಟ್ಟ ಮುಟ್ಟಿದ ಮೊದಲ ಮನುಷ್ಯ ಅವನು. ಆ ಸುದ್ದಿ ಓದಿದ ದಿನ ನನ್ನದೇ ಮನೆಯ ಹುಡುಗ ಗೆದ್ದಂತೆ ಖುಷಿಪಟ್ಟೆ. ಮೂವತ್ತನಾಲ್ಕು ವರ್ಷ ಎಲ್ಲರನ್ನೂ ಸೋಲಿಸಿದ ಆಟ ಯಾರ ಮೇಲೂ ಬಾಗಿಲು ಹಾಕಿರಲಿಲ್ಲ.

* * *

ಕಾಲೇಜಿನ ದಿನಗಳು ಸೈಬರ್ ಸೆಂಟರಿನವು. ಗೋಡೆಯ ಸಾಲಿಗೆ ‘ಕೌಂಟರ್-ಸ್ಟ್ರೈಕ್’, ಮೂಲೆಯ ಎರಡು ಕಂಪ್ಯೂಟರಿಗೆ ‘ಏಜ್ ಆಫ್ ಎಂಪೈರ್ಸ್’. ನಾನು ಮೂಲೆಯವನು. 1999ರಲ್ಲಿ ಬಂದ ಅದರ ಎರಡನೇ ಭಾಗದಷ್ಟು ಹೊತ್ತು ಬೇರೆ ಯಾವ ಆಟದ ಮುಂದೆಯೂ ನಾನು ಕೂತಿಲ್ಲ. ಅನ್ನ, ಮರ, ಚಿನ್ನ, ಕಲ್ಲು, ಇವು ನಾಲ್ಕೇ ಬಂಡವಾಳ. ಶುರುವಿಗೆ ಬೆರಳೆಣಿಕೆಯ ಆಳುಗಳು. ಕುರಿ ಕಾಯಿಸು, ಮರ ಕಡಿಸು, ಹೊಲ ಹೂಡಿಸು, ಆಮೇಲೆ ಸೈನ್ಯದ ಮಾತು.

ಇಲ್ಲಿ ಸೋಲು ತಡವಾಗಿ ಕಾಣುತ್ತದೆ. ಶತ್ರುವಿನ ಆನೆಗಳು ಕೋಟೆ ಮುರಿದು ನುಗ್ಗಿದಾಗ ಸೋತೆ ಎಂದುಕೊಳ್ಳುತ್ತೀರಿ. ಕೂತು ಯೋಚಿಸಿದರೆ, ಸೋತದ್ದು ಆಟ ಶುರುವಾದ ಎಂಟನೇ ನಿಮಿಷದಲ್ಲಿ. ಇಬ್ಬರು ಆಳುಗಳು ಕೆಲಸವಿಲ್ಲದೆ ನಿಂತಿದ್ದನ್ನು ನೋಡದೆ ಬಿಟ್ಟಾಗ. ರೈತಾಪಿ ಮನೆಯವನಿಗೆ ಇದು ಬೇಗ ಅರ್ಥವಾಗುತ್ತದೆ. ಬಿತ್ತನೆಯಲ್ಲಿ ತಪ್ಪಿದ ವಾರ ಸುಗ್ಗಿಯಲ್ಲಿ ಕಾಣುತ್ತದೆ.

ತಲೆ ಓಡಿಸುವ ಈ ಬಗೆಯ ಆಟಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಮನೆತನವೇ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೇ ಶತಮಾನದಲ್ಲಿ ಮಣೆಯಾಟಗಳನ್ನು ಸ್ವತಃ ಕಟ್ಟಿದವರು. ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗೂ ಒಂದೊಂದೇ ಸಲ ನಡೆಸುವ ಲೆಕ್ಕವನ್ನು ಬಿಡಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಒಂದು ಭಾಗವಾದ ಕೌತುಕನಿಧಿಯಲ್ಲಿ ಆಟಗಳದೇ ವಿಚಾರ. ಏಜ್ ಆಫ್ ಎಂಪೈರ್ಸ್ ಆಟಕ್ಕೆ 2022ರಲ್ಲಿ ದ್ರಾವಿಡರ ನಾಗರಿಕತೆಯೂ ಸೇರಿತು. ಮೂಲೆಯ ಕಂಪ್ಯೂಟರಿನಲ್ಲಿ ಯಾರ್ಯಾರದೋ ಸಾಮ್ರಾಜ್ಯ ಕಟ್ಟಿದವನಿಗೆ, ಇಪ್ಪತ್ತು ವರ್ಷದ ಮೇಲೆ ತನ್ನ ಕಡೆಯವರ ಹೆಸರು ಪಟ್ಟಿಯಲ್ಲಿ ಕಂಡಾಗ ಕಣ್ಣು ಅಲ್ಲೇ ನಿಂತಿತು.

ಇನ್ನು ಕ್ರಿಕೆಟ್. 2006ರ ಕೊನೆಗೆ ಬಂದ ‘ಕ್ರಿಕೆಟ್ 07’ ಇವತ್ತಿಗೂ ಹಳೆಯ ಕಂಪ್ಯೂಟರುಗಳಲ್ಲಿ ಜೀವಂತ. ತಯಾರಿಸಿದ ಕಂಪನಿ ಅದನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ಅಭಿಮಾನಿಗಳು ಮಾತ್ರ ಹೊಸ ಆಟಗಾರರನ್ನೂ ಹೊಸ ಅಂಗಿಗಳನ್ನೂ ಸೇರಿಸುತ್ತಲೇ ಬಂದರು. ಹದಿನೇಳು ವರ್ಷ ಆರ್‌ಸಿಬಿಗೆ ಐಪಿಎಲ್ ಕಪ್ ಬರಲಿಲ್ಲ. ಈ ಊರಿನ ಕೋಣೆಗಳಲ್ಲಿ ಅದು ಬಂದಿತ್ತು. ರಾತ್ರಿ ಹನ್ನೊಂದಕ್ಕೆ, ಸದ್ದು ಕಡಿಮೆ ಮಾಡಿಕೊಂಡು, ಕೊನೆಯ ಚೆಂಡಿಗೆ. ಏಪ್ರಿಲಿನಲ್ಲಿ ಮೈದಾನದಲ್ಲಿ ಸೋತದ್ದನ್ನು ಅದೇ ರಾತ್ರಿ ಪರದೆಯಲ್ಲಿ ಮತ್ತೆ ಆಡಿ ಗೆಲ್ಲಿಸುತ್ತಿದ್ದೆವು. 2025ರ ಜೂನ್ 3ರಂದು ನಿಜವಾದ ಕಪ್ ಬಂದಾಗ ಇದೇ ಕಟ್ಟೆಯ ಮೇಲೆ ಕುಣಿದವರಲ್ಲಿ ಹಳೆಯ ಕ್ರಿಕೆಟ್ 07 ಸೋದರರೂ ಇದ್ದರು. ಕ್ರೀಡೆಯ ವಿಡಿಯೊ ಗೇಮುಗಳನ್ನು ನಾನು ಮೆಚ್ಚುವುದು ಈ ಒಂದು ಉಪಕಾರಕ್ಕೆ. ನಮ್ಮ ಕೈಯಲ್ಲಿಲ್ಲದ ಸೋಲನ್ನು ಒಂದು ಗಂಟೆ ನಮ್ಮ ಕೈಗೆ ಕೊಡುತ್ತವೆ.

* * *

ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತ ಎಂಟನೇ ಕ್ಲಾಸಿನ ಹುಡುಗ ಬಸ್ಸು ಓಡಿಸುತ್ತಿದ್ದಾನೆ. ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’. 2017ರಲ್ಲಿ ಬಂದ ಈ ಆಟದಲ್ಲಿ ಬಸ್ಸಿಗೆ ನಮಗೆ ಬೇಕಾದ ಬಣ್ಣ ಬಳಿಯಬಹುದು. ಅದೊಂದು ಅವಕಾಶ ಸಿಕ್ಕಿದ್ದೇ ತಡ, ಕರ್ನಾಟಕದ ಹುಡುಗರು ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು, ರಾಜಹಂಸ, ಐರಾವತಗಳನ್ನೆಲ್ಲ ತಯಾರಿಸಿ ಹಂಚಿಕೊಂಡರು. ಇಂಡೊನೇಷ್ಯಾದಲ್ಲೂ ವಾಹನ ಎಡಕ್ಕೇ ಓಡುತ್ತದೆ. ಹಾಗಾಗಿ ಜಾವಾ ದ್ವೀಪದ ತೆಂಗಿನ ಮರಗಳ ನಡುವೆ ನಮ್ಮ ಕೆಂಪು ಬಸ್ಸು ಚೂರೂ ಪರಕೀಯವಾಗಿ ಕಾಣುವುದಿಲ್ಲ.

ಹುಡುಗನ ನಾಲಗೆ ತುಟಿಯ ಮೂಲೆಗೆ ಬಂದಿದೆ. ನಿಲ್ದಾಣ ಹತ್ತಿರವಾಯಿತು. ಎಡಗಡೆಯ ಸೂಚಕ ಹಾಕಿದ. ಕನ್ನಡಿ ನೋಡಿದ. ಹೆಬ್ಬೆರಳಿನಲ್ಲಿ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಜರ್ಕ್ ಇಲ್ಲದಂತೆ ನಿಲ್ಲಿಸಿದ. ಬಾಗಿಲು ತೆರೆಯಿತು. “ಹತ್ತಿ ಹತ್ತಿ, ಒಳಗೆ ಹೋಗಿ, ಮುಂದೆ ಜಾಗ ಇದೆ” ಎಂದು ತನಗೇ ಕೇಳುವಷ್ಟು ಮೆಲ್ಲಗೆ ಕಂಡಕ್ಟರನ ಮಾತೂ ಆಡಿದ. ಆಮೇಲೆ ಹಾರನ್ನು. ರಸ್ತೆ ಪಕ್ಕದ ಮಕ್ಕಳು ಕೈಬೀಸಿ ಹಾರನ್ನು ಕೇಳುವುದು, ಡ್ರೈವರು ರಾಗವಾಗಿ ಬಾರಿಸುವುದು ಇಂಡೊನೇಷ್ಯಾದ ನಿಜವಾದ ಸಂಭ್ರಮ, ಅದು ಆಟದೊಳಗೂ ಬಂದಿದೆ.

ಇದರಲ್ಲಿ ಗೆಲುವೆಲ್ಲಿದೆ ಎಂದು ಬಂದೂಕಿನ ಹುಡುಗರು ಕೇಳುತ್ತಾರೆ. ಗೆಲುವಿಲ್ಲ. ಜನರನ್ನು ಅವರವರ ಊರಿಗೆ ಮುಟ್ಟಿಸುವುದಿದೆ. ಒಂದು ಕೆಲಸವನ್ನು ನಯವಾಗಿ ಮಾಡಿದ ತೃಪ್ತಿ ಇದೆ. ದೊಡ್ಡವನಾದಮೇಲೆ ಏನಾಗುತ್ತೀಯ ಎಂದು ಆ ಹುಡುಗನನ್ನು ಕೇಳಿದೆ. “ಡ್ರೈವರ್” ಎಂದ, ರಸ್ತೆಯಿಂದ ಕಣ್ಣು ಕೀಳದೆ.

ಬೇಸಾಯದ ಆಟಗಳ ವಿಚಾರ ಬಂದರೆ ನನಗೆ ಅಪ್ಪನ ನೆನಪು. ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟವನ್ನು ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಕಟ್ಟಿ 2016ರಲ್ಲಿ ಹೊರತಂದ. ಚಿತ್ರ, ಸಂಗೀತ, ಕತೆ ಎಲ್ಲ ಅವನದೇ. ಪೇಟೆಯ ಕೆಲಸ ಬಿಟ್ಟು ಅಜ್ಜನ ಹೊಲಕ್ಕೆ ಮರಳುವವನ ಕತೆ. ಕಲ್ಲು ಆಯಬೇಕು, ಅಗೆಯಬೇಕು, ನೀರು ಹೊಯ್ಯಬೇಕು, ಕಾಗೆಗೆ ಬೆದರುಬೊಂಬೆ ನಿಲ್ಲಿಸಬೇಕು. ಒಂದು ಸಂಜೆ ನಾನು ಟೊಮೆಟೊ ಕೀಳುತ್ತಿದ್ದಾಗ ಅಪ್ಪ ಹಿಂದೆ ಬಂದು ನಿಂತರು.

“ಎಷ್ಟು ದಿನಕ್ಕೆ ಬಂತು?”

“ಹನ್ನೊಂದು ದಿನಕ್ಕೆ. ಆಮೇಲೆ ನಾಲ್ಕು ದಿನಕ್ಕೊಂದು ಕೊಯ್ಲು.”

ಅಪ್ಪ ಸ್ವಲ್ಪ ಹೊತ್ತು ನೋಡಿದರು. “ರೇಟು?”

“ಒಂದೇ ರೇಟು ಅಪ್ಪಾ. ಅರವತ್ತು.”

“ಎಲ್ಲರೂ ಟೊಮೆಟೊನೇ ಹಾಕಿದ್ರೂ ಬೀಳಲ್ವಾ?”

“ಬೀಳಲ್ಲ.”

ಅಪ್ಪ ಏನೂ ಹೇಳದೆ ಕುರ್ಚಿ ಎಳೆದುಕೊಂಡು ಕೂತರು. ಇನ್ನೊಂದು ಸಾಲು ಕೀಳುವವರೆಗೂ ನೋಡಿದರು. ಕೋಲಾರದ ಮಂಡಿಗೆ ಕ್ರೇಟು ಸಾಗಿಸಿ, ಬಾಡಿಗೆ ಹುಟ್ಟದೆ ಬರಿಗೈಲಿ ಬಂದ ವರ್ಷಗಳು ಅವರ ಬೆನ್ನ ಹಿಂದಿದ್ದವು. 2023ರ ಜುಲೈನಲ್ಲಿ ಕೆಜಿಗೆ ನೂರು ದಾಟಿದಾಗ ನಮ್ಮ ಹೊಲದಲ್ಲಿ ಟೊಮೆಟೊ ಇರಲಿಲ್ಲ. ಸೋಲೇ ಇಲ್ಲದ ಆಟ ಸಪ್ಪೆ ಎಂದು ನಾನು ಮೊದಲು ಅಂದುಕೊಂಡಿದ್ದೆ. ಆ ಸಂಜೆಯಿಂದ ಹಾಗನ್ನುವುದಿಲ್ಲ. ಬದುಕೆಲ್ಲ ಬೆಲೆಯ ಜೊತೆ ಜೂಜಾಡಿದವರಿಗೆ, ದುಡಿದಷ್ಟು ಕೈಗೆ ಸಿಗುವ ಜಾಗವೊಂದು ಇದೆ ಎಂದು ಕಣ್ಣಾರೆ ನೋಡುವುದೂ ದೊಡ್ಡದೇ.

* * *

“ಥ್ಯಾಂಕ್ಸ್ ಮಗಾ!” ಬಿದ್ದಿದ್ದ ಸೈನಿಕ ಎದ್ದ.

ಬಂದೂಕಿನ ಆಟಗಳನ್ನು ಊರಿನ ಹಿರಿಯರು ಬೈಯುವಷ್ಟು ನಾನು ಬೈಯಲಾರೆ. ಪಬ್‌ಜಿ ಮೊಬೈಲ್ 2018ರಲ್ಲಿ ಬಂತು. 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು. 2021ರ ಜುಲೈನಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಲ್ಲಿ ಬಂದು, ಮರುವರ್ಷ ಮತ್ತೆ ಮಾಯವಾಗಿ, 2023ರ ಮೇ ತಿಂಗಳಲ್ಲಿ ತಿರುಗಿ ಬಂತು. ಬರುತ್ತಾ ಹೋಗುತ್ತಾ ಈ ಕಟ್ಟೆಯ ಹುಡುಗರ ಒಂದು ತಲೆಮಾರು ಅದರ ಜೊತೆಗೇ ಮೀಸೆ ಬೆಳೆಸಿತು. ನೂರು ಜನ ಪ್ಯಾರಾಚೂಟಿನಿಂದ ದ್ವೀಪಕ್ಕೆ ಇಳಿಯುತ್ತಾರೆ, ನೀಲಿ ವಲಯ ಸುತ್ತುಗಟ್ಟಿ ಕುಗ್ಗುತ್ತದೆ, ಕೊನೆಗೆ ಉಳಿಯುವುದು ಒಂದೇ ತಂಡ. ಸೋಲುವವರೇ ಹೆಚ್ಚು ಎಂದು ಆಟಕ್ಕೇ ಗೊತ್ತು.

ಅದರ ಜೀವ ನನಗೆ ಕಾಣುವುದು ಗುಂಡು ಹೊಡೆಯುವಲ್ಲಿ ಅಲ್ಲ, ಎತ್ತುವಲ್ಲಿ. ಗುಂಡು ತಾಗಿದ ಗೆಳೆಯ ಕೂಡಲೇ ಸಾಯುವುದಿಲ್ಲ, ಮೊಣಕಾಲೂರಿ ತೆವಳುತ್ತಾನೆ. ಅವನನ್ನು ಎತ್ತಬೇಕಾದರೆ ಬಂದೂಕು ಇಳಿಸಿ ಪಕ್ಕದಲ್ಲಿ ಕೂರಬೇಕು. ಅಷ್ಟು ಹೊತ್ತು ನೀವೂ ಗುರಿಯೇ. ಬುದ್ಧಿವಂತಿಕೆ ಓಡು ಅನ್ನುತ್ತದೆ. ಈ ಹುಡುಗರು ಕೂರುತ್ತಾರೆ. ದಿನಕ್ಕೆ ಹತ್ತು ಸಲ ಕೂರುತ್ತಾರೆ. ಬೇಸರವಾಗುವುದು ಬೇರೆ ಕಾರಣಕ್ಕೆ. ಒಂದು ಸುತ್ತು ಮುಗಿದ ಕ್ಷಣವೇ ಇನ್ನೊಂದಕ್ಕೆ ಬಾ ಎಂದು ಅದು ಕೈಹಿಡಿದು ಎಳೆಯುತ್ತದೆ. ಸೋತವನಿಗೆ ಉಸಿರಾಡಲು ಬಿಡಬೇಕು, ಅದು ಬಿಡುವುದಿಲ್ಲ. ಕೆಲವರಿಗೆ ನಿದ್ದೆ, ಓದು, ಊಟ ಎಲ್ಲ ಅದರೊಳಗೇ ಹೋಗುತ್ತದೆ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇಂಥವರಿಗಾಗಿ ಶಟ್ ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವುದು ನಾಚಿಕೆಯ ಮಾತಲ್ಲ ಎಂದು ತಾಯಂದಿರಿಗೆ ನಾನೇ ಹೇಳುತ್ತೇನೆ.

ಯುದ್ಧದ ಆಟ ಎಂದರೆ ಗುಂಡು ಹೊಡೆಯುವುದೇ ಆಗಬೇಕಿಲ್ಲ ಎಂದು ನನಗೆ ತೋರಿಸಿದ್ದು ಪೋಲೆಂಡಿನ ‘ದಿಸ್ ವಾರ್ ಆಫ್ ಮೈನ್’. 2014ರ ಆಟ. ಮುತ್ತಿಗೆಗೆ ಸಿಕ್ಕ ಊರಲ್ಲಿ ಸಿಕ್ಕಿಕೊಂಡ ಸಾಮಾನ್ಯ ಜನ, ಹಗಲು ಅಡಗಿ ರಾತ್ರಿ ಅನ್ನ ಔಷಧಿ ಹುಡುಕುವ ಕತೆ. ಒಂದು ರಾತ್ರಿ ನನ್ನ ಮನುಷ್ಯ ಮುದುಕ ಮುದುಕಿಯ ಮನೆಗೆ ನುಗ್ಗಿದ. ಅವರು ಎದುರಿಸಲಿಲ್ಲ. ಬೇಡಿಕೊಂಡರು. ನಾನು ಔಷಧಿ ಎತ್ತಿಕೊಂಡು ಬಂದೆ. ಮರುದಿನ ಅವನು ಕುಗ್ಗಿ ಕೂತ, ಕೆಲಸಕ್ಕೆ ಏಳಲೇ ಇಲ್ಲ. ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ. ಆಟ ನನ್ನನ್ನು ಸೋಲಿಸಿರಲಿಲ್ಲ, ಬೇಕಾದ್ದು ಸಿಕ್ಕಿತ್ತು. ಆದರೂ ಅಷ್ಟು ಸೋತ ಅನುಭವ ಇನ್ನೊಂದಿಲ್ಲ. ಪೋಲೆಂಡ್ ಸರ್ಕಾರ 2020ರಲ್ಲಿ ಈ ಆಟವನ್ನು ಶಾಲಾ ಮಕ್ಕಳಿಗೆ ಶಿಫಾರಸು ಮಾಡುವ ಓದಿನ ಪಟ್ಟಿಗೆ ಸೇರಿಸಿತು. ಕತೆ ಹೇಳುವ ಆಟಗಳು ಪುಸ್ತಕದ ಪಕ್ಕದಲ್ಲಿ ಕೂರಲು ಯೋಗ್ಯ ಎಂದು ನಾನು ಮನಸಾರೆ ನಂಬುತ್ತೇನೆ.

ಇಂಥ ಆಟ ನಮ್ಮಲ್ಲಿ ಹುಟ್ಟಬಾರದೇ? ಕಸುಬು ನಮ್ಮ ಪಕ್ಕದಲ್ಲೇ ಇದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಶುರುಮಾಡಿದಾಗ ದೇಶದಲ್ಲಿ ಇಂಥ ಸ್ಟುಡಿಯೊಗಳೇ ಇರಲಿಲ್ಲ. 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ಜಗತ್ತು ಮೆಚ್ಚಿದ ‘ರೆಡ್ ಡೆಡ್ ರಿಡೆಂಪ್ಷನ್ 2’ರಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದ ಕೈಕೆಲಸವೂ ಇದೆ. ಸರ್ಕಾರದ ಅನಿಮೇಷನ್ ಮತ್ತು ಗೇಮಿಂಗ್ ಉತ್ಕೃಷ್ಟತಾ ಕೇಂದ್ರ 2021ರಲ್ಲಿ ತೆರೆದದ್ದು ಮಹದೇವಪುರದಲ್ಲಿ. ಇಲ್ಲಿಂದ ಬೈಕಿನಲ್ಲಿ ಹೋಗಿಬರುವಷ್ಟು ದೂರ. ಆದರೂ ನಾನು ಆಡಿದ ಇಷ್ಟು ದೊಡ್ಡ ಆಟಗಳಲ್ಲಿ ಒಂದೂ ಕನ್ನಡ ಮಾತಾಡಲಿಲ್ಲ. ಕನ್ನಡವೆಲ್ಲ ಪರದೆಯ ಹೊರಗಿದೆ, ಈ ಕಟ್ಟೆಯ ಮೇಲೆ, “ಬಂದು ಎತ್ತೋ” ಎನ್ನುವ ಕೂಗಿನಲ್ಲಿ. ಅದು ಒಳಗೆ ಹೋಗುವ ದಿನಕ್ಕೆ ಕಾಯುತ್ತಿದ್ದೇನೆ.

* * *

ಮಿಠಾಯಿ ಸಾಲುಗೂಡಿಸುತ್ತಿದ್ದ ಪೋರ ಫೋನು ಕೆಳಗಿಟ್ಟ. “ಲೈಫ್ ಖಾಲಿ.” 2012ರಲ್ಲಿ ಬಂದ ‘ಕ್ಯಾಂಡಿ ಕ್ರಶ್’ನಲ್ಲಿ ಐದು ಜೀವ. ಒಂದು ಹೋದರೆ ಮರಳಿ ಬರಲು ಅರ್ಧ ಗಂಟೆ. ಕಾಯಲಾಗದವರು ದುಡ್ಡು ಕೊಡಬಹುದು. ಮಾರಿಯೊ ಕೊಂದಾಗ ಕಲಿಯುತ್ತಿದ್ದೆವು. ಇಲ್ಲಿ ಸೋಲಿಗೆ ಅಂಗಡಿ ತೆರೆದಿದೆ. ಪೋರನ ಹತ್ತಿರ ದುಡ್ಡಿಲ್ಲ, ಅವನು ಕಾಯುತ್ತಾನೆ. ಅದೇ ಕ್ಷೇಮ.

ಈ ದಾರಿಯ ಕೊನೆ ರಮ್ಮಿ. ನನ್ನ ಜೊತೆ ಸೈಬರ್ ಸೆಂಟರಿನಲ್ಲಿ ಕೂರುತ್ತಿದ್ದ ಗೆಳೆಯನೊಬ್ಬ ಫೋನಿನಲ್ಲಿ ಹಣ ಕಟ್ಟಿ ಇಸ್ಪೀಟು ಆಡಿ ಮೊದಲು ಬೈಕು ಮಾರಿದ, ಆಮೇಲೆ ಹೆಂಡತಿಯ ಓಲೆ ಅಡವಿಟ್ಟ. ಗೆದ್ದ ದಿನ ಎಲ್ಲರಿಗೂ ಹೇಳುತ್ತಿದ್ದ, ಸೋತ ದಿನ ಕಟ್ಟೆಗೇ ಬರುತ್ತಿರಲಿಲ್ಲ. ಕರ್ನಾಟಕ 2021ರಲ್ಲಿ ಇಂಥ ಆಟಗಳ ವಿರುದ್ಧ ಕಾನೂನು ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೂ ಕೊಟ್ಟಿತು. ಎರಡನ್ನೂ ಬೇರೆ ಬೇರೆ ಮಾಡಿದ್ದು ಸರಿ. ಉಳಿದ ಆಟಗಳಲ್ಲಿ ನಾವು ಸೋಲಬಹುದು. ಹಣ ಕಟ್ಟುವ ಆಟದಲ್ಲಿ ನಾವು ಸೋಲಲೇಬೇಕು, ನಮ್ಮ ಸೋಲೇ ಅದರ ಊಟ. ಇದನ್ನು ನಾನು ಆಟ ಎಂದು ಕರೆಯುವುದಿಲ್ಲ.

ಕತ್ತಲಾಯಿತು. ಬೀದಿದೀಪ ಹತ್ತಿತು. ಬಂದೂಕಿನ ಹುಡುಗನ ಫೋನು ಬ್ಯಾಟರಿ ಮುಗಿದು ಆರಿತು. ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಸರಿದು ಚೌಕಾಬಾರದ ಹತ್ತಿರ ಹೋದ. ಅಜ್ಜಂದಿರು ಮಾತಾಡದೆ ಅವನಿಗೆ ನಾಲ್ಕು ಹುಣಸೆಬೀಜ ಕೊಟ್ಟರು. ಐದೈದು ಮನೆಯ ಚೌಕ. ಅಡ್ಡ ಗೀಟು ಹಾಕಿದ ಮನೆ ಕಟ್ಟೆ, ಅಲ್ಲಿ ನಿಂತ ಕಾಯನ್ನು ಯಾರೂ ಕಡಿಯುವಂತಿಲ್ಲ. ನಾಲ್ಕು ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಸುತ್ತು ಹಾಕಿ ನಡುಮನೆ ಸೇರಿದ ಕಾಯಿಗೆ ಹಣ್ಣಾಯಿತು ಅನ್ನುತ್ತಾರೆ.

ಹುಡುಗನ ಒಂದು ಕಾಯಿ ಹೊರಸುತ್ತು ಮುಗಿಸಿ, ಒಳಸುತ್ತನ್ನೂ ಹಾಯ್ದು, ಹಣ್ಣಾಗಲು ಎರಡೇ ಮನೆ ಬಾಕಿ ಇತ್ತು. ಅಜ್ಜ ಕವಡೆ ಹಾಕಿದರು. ಮೂರು. ಎಣಿಸಿದರು. ಹುಡುಗನ ಕಾಯಿ ಇದ್ದ ಮನೆಗೇ ಬಂತು. ಕಡಿದರು.

ಹುಡುಗ “ಅಯ್ಯೋ” ಎಂದು ತಲೆ ಮೇಲೆ ಕೈಯಿಟ್ಟ. ಅಜ್ಜ ನಗಲಿಲ್ಲ. ಕಡಿದ ಹುಣಸೆಬೀಜವನ್ನು ಎರಡು ಬೆರಳಲ್ಲಿ ಎತ್ತಿ, ಅಂಗಿಗೆ ಒರೆಸಿ, ಹುಡುಗನ ಮನೆಯಲ್ಲಿ ತಾವೇ ಇಟ್ಟರು.

“ದಾರಿ ಈಗ ಗೊತ್ತಾಯ್ತಲ್ಲ. ಮತ್ತೆ ಮನೆಯಿಂದ ಬಾ.”

ಹುಡುಗ ಕವಡೆಗಳನ್ನು ಬಾಚಿಕೊಂಡು ಎರಡೂ ಅಂಗೈಯ ನಡುವೆ ಕುಲುಕತೊಡಗಿದ.